ಇಳಿಯುವ ಮೊದಲು ಏರಿನ ಲೆಕ್ಕ

ತಮ್ಮಾ, ದೀಪಾವಳಿ ಮುಗಿದ ಮೇಲೆ ನಿಮ್ಮ ಮಂದಿಯೆಲ್ಲ ಸೈಕಲ್ ಮೇಲೆ ಘಟ್ಟ ನೋಡಲು ಹೊರಟಿದ್ದೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ನವಲಗುಂದದಿಂದ ಅಂಕೋಲೆ; ಹೋಗಲು ಎರಡು ದಿನ, ಬರಲು ಎರಡು ದಿನ. ಪಟ್ಟಿಯಲ್ಲಿ ನೀನಿದ್ದೀಯ, ರೇಸಿನ ಸೈಕಲ್ಲು ಇಟ್ಟುಕೊಂಡ ನಿನ್ನ ಇಬ್ಬರು ಗೆಳೆಯರಿದ್ದಾರೆ, ನಿಮ್ಮ ಅಕ್ಕ ಇದ್ದಾಳೆ, ಹೈಸ್ಕೂಲಿಗೆ ಹೋಗುವ ಅವಳ ಮಗಳಿದ್ದಾಳೆ, ಅರವತ್ತು ದಾಟಿದ ಸೋದರಮಾವ ಇದ್ದಾನೆ, ಸಣ್ಣವನಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿದ ನಿನ್ನ ಆಫೀಸಿನ ಜೊತೆಗಾರ ಇದ್ದಾನೆ. “ಕಾಕಾ, ಯಾವ ದಾರೀಲೆ ಹೋಗೂದು ಅಷ್ಟ ಹೇಳ್ರಿ” ಅಂದೆ. ಇಂಥ ಪಟ್ಟಿ ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ಗಟ್ಟಿಗರು ಮಾತ್ರ ಹೋಗಿ ಬಂದು ಫೋಟೋ ತೋರಿಸುವ ಪ್ರವಾಸಗಳು ಬೇಕಾದಷ್ಟಿವೆ. ಮನೆಮಂದಿಯೆಲ್ಲ ತುಳಿದುಕೊಂಡು ಹೋಗುವಂಥದ್ದು ಅಪರೂಪ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳದೆ ಓದು.

ದಾರಿ ಯಾವುದು ಅನ್ನುವುದಕ್ಕಿಂತ ಮೊದಲು ಗುಡ್ಡ ಯಾವ ಕಡೆಗೆ ಇದೆ ಅನ್ನುವುದು ತಿಳಿದಿರಬೇಕು. ನೀನು ಫೋನಿನಲ್ಲಿ “ಘಟ್ಟ ಹತ್ತತೀವಿ” ಅಂದೆ. ನಮ್ಮ ಜಿಲ್ಲೆಯವರು ಘಟ್ಟ ಹತ್ತುವುದಿಲ್ಲ, ಇಳಿಯುತ್ತಾರೆ. ನಾವು ಇರುವುದೇ ಘಟ್ಟದ ಮೇಲೆ. ನಿಮ್ಮ ನವಲಗುಂದ ಸಮುದ್ರ ಮಟ್ಟದಿಂದ 600 ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ. ಧಾರವಾಡ 700 ಮೀಟರಿಗೂ ಮಿಕ್ಕಿದೆ. ಯಲ್ಲಾಪುರ ಕಾಡಿನ ಊರು, ಮಲೆನಾಡು ಎಂದು ಹೆಸರಾದರೂ ಎತ್ತರ 500 ಮೀಟರಿನ ಆಸುಪಾಸು, ಅಂದರೆ ನಿಮ್ಮ ಎರಿ ಹೊಲಕ್ಕಿಂತ ಕೆಳಗೆ. ನೀರು ಹರಿಯುವುದನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಿಮ್ಮೂರ ಬೆಣ್ಣಿಹಳ್ಳದ ನೀರು ಮಲಪ್ರಭೆಗೆ ಸೇರಿ, ಕೃಷ್ಣೆಯ ಜೊತೆ ಪೂರ್ವದ ಕಡಲಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ, ಉಣಕಲ್ಲಿನ ಕಡೆಯಿಂದ ಬರುವ ಬೇಡ್ತಿ ಎರಡೂ ಕಲಘಟಗಿಯ ಸೀಮೆಯಲ್ಲಿ ಕೂಡಿ ಪಶ್ಚಿಮಕ್ಕೆ ಹೋಗುತ್ತವೆ, ಮಾಗೋಡಿನಲ್ಲಿ ಧುಮುಕುತ್ತವೆ, ಗಂಗಾವಳಿ ಎಂದು ಹೆಸರು ಪಡೆದು ಅರಬ್ಬೀ ಸಮುದ್ರ ಸೇರುತ್ತವೆ. ಈ ಎರಡು ನೀರುಗಳ ನಡುವಿನ ಏರಿನ ಮೇಲೆ ಹುಬ್ಬಳ್ಳಿ-ಧಾರವಾಡ ಕೂತಿವೆ. ನವಲಗುಂದದಿಂದ ಹೊರಟವನು ಹುಬ್ಬಳ್ಳಿಯವರೆಗೆ ಗೊತ್ತೇ ಆಗದಂತೆ ಮೇಲೇರುತ್ತಾನೆ, ಅಲ್ಲಿಂದ ಕಲಘಟಗಿಗೆ ನಿಧಾನವಾಗಿ ಇಳಿಯುತ್ತಾನೆ, ಯಲ್ಲಾಪುರದವರೆಗೆ ಏಳುತ್ತ ಬೀಳುತ್ತ ಹೋಗುತ್ತಾನೆ, ಅರಬೈಲ್ ಘಟ್ಟದಲ್ಲಿ ಉಳಿದ ಎತ್ತರವನ್ನೆಲ್ಲ ಒಮ್ಮೆಲೇ ಕಳೆದುಕೊಂಡು ಕಡಲ ಮಟ್ಟಕ್ಕೆ ಬಂದುಬಿಡುತ್ತಾನೆ.

ಬೇರೆ ಸೀಮೆಯಲ್ಲಿ ಬೆಟ್ಟ ಎಂದರೆ ಬೆಳಿಗ್ಗೆ ಮೈಯಲ್ಲಿ ಕಸುವು ಇದ್ದಾಗ ಹತ್ತುವುದು, ದಣಿದಾಗ ಇಳಿದು ಮನೆಗೆ ಬರುವುದು. ದಾರಿಯಲ್ಲಿ ಸುಸ್ತಾದರೆ ಸೈಕಲ್ ತಿರುಗಿಸಿದರಾಯಿತು, ಅದು ತಾನೇ ಉರುಳಿಕೊಂಡು ಕೆಳಗೆ ಬರುತ್ತದೆ. ನಮ್ಮಲ್ಲಿ ಹಾಗಲ್ಲ. ಮೊದಲ ದಿನ ಎಲ್ಲರೂ ನಗುತ್ತ ಇಳಿಯುತ್ತಾರೆ. ಹನ್ನೆರಡು ವರ್ಷದ ಮಗುವೂ ಇಳಿಯುತ್ತದೆ, ಅರವತ್ತರ ಮಾವನೂ ಇಳಿಯುತ್ತಾನೆ. ಇಳಿದವರು ಏರಲೇಬೇಕು, ಅದೂ ಮೂರನೆಯ ದಿನ, ಕರಾವಳಿಯ ಸೆಕೆಯಲ್ಲಿ ಬೆವರು ಬಸಿದು, ತೊಡೆ ಹಿಡಿದುಕೊಂಡ ಮೇಲೆ. ಅಂಕೋಲೆಯಿಂದ ಹುಬ್ಬಳ್ಳಿಗೆ ರೈಲು ಹಿಡಿದು ಬಂದುಬಿಡೋಣ ಅನ್ನುವಂತೆಯೂ ಇಲ್ಲ. ಆ ರೈಲು ಮಾರ್ಗ ಕಾಡಿನ ತಕರಾರಿನಿಂದ ದಶಕಗಟ್ಟಲೆ ಕಾಗದದ ಮೇಲೇ ಉಳಿದಿದೆ. ಅದಕ್ಕೇ ನಾನು ಒತ್ತಿ ಹೇಳುವುದು ಇದೊಂದನ್ನೇ: ಎಲ್ಲಿಯವರೆಗೆ ಹೋಗುತ್ತೇವೆ ಎಂದು ಗೊತ್ತು ಮಾಡುವ ಮೊದಲು, ಹಿಂದಕ್ಕೆ ಹೇಗೆ ಬರುತ್ತೇವೆ ಎಂಬುದನ್ನು ಗೊತ್ತು ಮಾಡು. ಎಲ್ಲರಿಗೂ ಒಂದೇ ಲೆಕ್ಕ ಹಾಕಬೇಡ. ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕು.

ಇದಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಆಗಲಿ. ಬಯಲು ಸೀಮೆಯ ನಮಗೆ ನಿಜವಾದ ಹತ್ತುವ ಗುಡ್ಡ ಬೇಕೆಂದರೆ ಪೂರ್ವಕ್ಕೆ ಹೋಗಬೇಕು. ಅಣ್ಣಿಗೇರಿಯಿಂದ ಗದಗ ಇಪ್ಪತ್ತು ಕಿಲೋಮೀಟರಿನ ಮೇಲೆ ಸ್ವಲ್ಪ, ಗದಗಿನಿಂದ ಡಂಬಳ ಹೆಚ್ಚುಕಡಿಮೆ ಅಷ್ಟೇ. ಡಂಬಳದ ದೊಡ್ಡಬಸಪ್ಪನ ಗುಡಿಯ ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತ ಹೋಗುತ್ತದೆ. ನಿಮ್ಮ ಅಕ್ಕನ ಮಗಳಿಗೆ ಅದರ ಮೂಲೆಗಳನ್ನು ಎಣಿಸಲು ಹೇಳು, ಅಷ್ಟರಲ್ಲಿ ದೊಡ್ಡವರ ಕಾಲು ಆರುತ್ತದೆ. ಅಲ್ಲಿಂದ ಮುಂದೆ ಕಾಣುವುದೇ ಕಪ್ಪತಗುಡ್ಡ. ಅದು 2019ರಿಂದ ವನ್ಯಜೀವಿ ಧಾಮ. ಆದ್ದರಿಂದ ಗುಡ್ಡದ ಒಳಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ಒಳಗೆ ಹೋಗದಿದ್ದರೂ ಅಡ್ಡಿಯಿಲ್ಲ, ಡೋಣಿ ಕಡೆಯ ರಸ್ತೆಯ ಏರುಗಳೇ ಸಾಕು. ಇಲ್ಲಿ ಏರು ಮೊದಲು ಬರುತ್ತದೆ, ಇಳಿತ ಆಮೇಲೆ. ಯಾರ ಉಸಿರು ಎಷ್ಟು ಹೊತ್ತಿಗೆ ಕಟ್ಟುತ್ತದೆ, ಯಾರ ಮೊಣಕಾಲು ನೋಯುತ್ತದೆ, ಯಾರು ಬಾಯಿ ಬಿಟ್ಟು ಹೇಳದೆ ಹಲ್ಲು ಕಚ್ಚಿ ತುಳಿಯುತ್ತಾರೆ ಎಲ್ಲ ಅಲ್ಲಿ ತಿಳಿದುಬಿಡುತ್ತದೆ. ಹಲ್ಲು ಕಚ್ಚಿ ತುಳಿಯುವವರನ್ನು ಮುಖ್ಯವಾಗಿ ಗುರುತು ಇಟ್ಟುಕೋ. ಘಟ್ಟದಲ್ಲಿ ತೊಂದರೆಗೆ ಬೀಳುವವರು ಅವರೇ. ಹಿಂದೆ ಉಳಿದೆ ಎಂದು ಕೂಗಿ ಹೇಳುವವರಿಗೆ ಏನೂ ಆಗುವುದಿಲ್ಲ.

ಗಾಳಿಯ ವಿಷಯ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ನವಲಗುಂದದ ಬಯಲಿನ ಮೇಲೆ ಹೇಗೆ ಬೀಸುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿದ್ದೀಯ. ಗಿಡವಿಲ್ಲ, ಮರೆಯಿಲ್ಲ, ಸಪಾಟು ರಸ್ತೆಯಲ್ಲೂ ಏರು ಹತ್ತಿದಷ್ಟೇ ದಣಿವು. ದೀಪಾವಳಿ ಹೊತ್ತಿಗೆ ಗಾಳಿ ತಿರುಗಿ ಪೂರ್ವದಿಂದ ಬರಲು ಶುರುವಾಗುತ್ತದೆ. ಅಂದರೆ ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಹೊತ್ತು ಏರಿದಂತೆ ಅದರ ಜೋರೂ ಏರುತ್ತದೆ. ಬರುವ ದಿನ ಹುಬ್ಬಳ್ಳಿಯಿಂದ ನವಲಗುಂದದ ಕೊನೆಯ ನಲವತ್ತು ಕಿಲೋಮೀಟರನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಊರ ಅಗಸಿ ಕಾಣುವಷ್ಟರಲ್ಲಿ ಎಲ್ಲರೂ ಮೌನವಾಗಿರುತ್ತಾರೆ. ಅದನ್ನು ಬೆಳಿಗ್ಗೆ ತುಳಿಯಬೇಕು, ಇಲ್ಲವೆ ತುಳಿಯಲೇಬಾರದು.

ಮಳೆಯ ಮಾತೂ ಹೇಳಿಬಿಡುತ್ತೇನೆ. ಅಕಾಲದ ಮಳೆ ಒಂದು ಹನಿ ಬಿದ್ದರೂ ಹೊಲದ ಹಾದಿ ಹಿಡಿಯಬೇಡ. ಎರಿ ಮಣ್ಣು ಹಸಿಯಾದರೆ ಗಾಲಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿಗೂ ಗಾಲಿಗೂ ನಡುವೆ ಮುದ್ದೆ ಕಟ್ಟಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ಹಾಕಿ ಕೆರೆದರೆ ಒಂದು ಕಡೆ ಬಿಡುತ್ತದೆ, ಇನ್ನೊಂದು ಕಡೆ ಹಿಡಿಯುತ್ತದೆ. ಬ್ರೇಕಿನ ರಬ್ಬರಿನ ಸಂದಿಯಲ್ಲಿ ಕೂತದ್ದು ಒಣಗಿ ಕಲ್ಲಿನಂತಾಗುತ್ತದೆ. ಮುದ್ದೆಯಾದ ಸೈಕಲ್ಲನ್ನು ನೂಕುವುದಕ್ಕಿಂತ ಹೆಗಲ ಮೇಲೆ ಹೊರುವುದು ಸುಲಭ. ಮಳೆ ಬಂದರೆ ಡಾಂಬರು ಬಿಡಬೇಡ, ಬಿಟ್ಟಿದ್ದರೆ ಮಣ್ಣು ಒಣಗುವವರೆಗೆ ಯಾರದಾದರೂ ಕಟ್ಟೆಯ ಮೇಲೆ ಕೂತುಬಿಡು. ಘಟ್ಟದಲ್ಲಿ ಮಳೆಗಾಲದ ಸವಾರಿಯನ್ನಂತೂ ಮನಸ್ಸಿಗೇ ತರಬೇಡ. 2021ರ ಜುಲೈನಲ್ಲಿ ಅರಬೈಲಿನ ರಸ್ತೆ ಗುಡ್ಡ ಕುಸಿದು ಬಂದ್ ಆಗಿತ್ತು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿ ಬಂದು ಜೀವಗಳು ಹೋದವು. ಜಲಪಾತ ತುಂಬಿ ಬೀಳುವುದನ್ನು ನೋಡುವ ಆಸೆ ಇದ್ದರೆ ಬಸ್ಸಿನಲ್ಲಿ, ಮಳೆ ಬಿಡುವು ಕೊಟ್ಟ ದಿನ ಹೋಗಿ ಬಾ. ಸೈಕಲ್ಲಿಗೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಸರಿ.

ಇನ್ನು ದಾರಿಗೆ ಬರೋಣ. ನವಲಗುಂದದಿಂದಲೇ ತುಳಿಯಬೇಕು ಎಂಬ ಹಟ ಬಿಡು. ಹುಬ್ಬಳ್ಳಿ ಊರೊಳಗಿನ ಗದ್ದಲವನ್ನು ದಾಟುವುದರಲ್ಲೇ ನಿಮ್ಮ ಮಾವನಿಗೆ ಅರ್ಧ ದಣಿವಾಗುತ್ತದೆ. ಒಂದು ಟೆಂಪೋ ಮಾಡಿಕೊಂಡು ಸೈಕಲ್ಲುಗಳನ್ನು ಅಡ್ಡಡ್ಡ ಕಟ್ಟಿ, ನಡುವೆ ಗೋಣಿಚೀಲ ಸಿಕ್ಕಿಸಿ, ಸೀದಾ ಕಲಘಟಗಿಗೆ ಬಾ. ಗುಡ್ಡದ ನಾಡು ಶುರುವಾಗುವುದೇ ಅಲ್ಲಿ. ಕಲಘಟಗಿಯನ್ನು ಜನ ಬಣ್ಣದ ತೊಟ್ಟಿಲಿನಿಂದ ಬಲ್ಲರು, ಸವಾರರು ಅದನ್ನು ಮೆಟ್ಟಿಲಾಗಿ ಬಳಸಿಕೊಳ್ಳಬೇಕು. ಅಲ್ಲಿ ಎರಡು ರಾತ್ರಿ ತಳವೂರಿದರೆ ಎಲ್ಲರಿಗೂ ಅವರವರ ಅಳತೆಯ ದಾರಿ ಸಿಗುತ್ತದೆ.

ಮೊದಲ ದಿನ ದುಮ್ಮವಾಡದ ಕಡೆ ಹೋಗಿ. ಅಲ್ಲಿ ಬೇಡ್ತಿಗೆ ಒಡ್ಡು ಹಾಕಿ ಮಾಡಿದ ನೀರಸಾಗರವಿದೆ, ಹುಬ್ಬಳ್ಳಿಯ ಬಾಯಾರಿಕೆ ತಣಿಸಿದ ಕೆರೆ. ಏರು ಇಳಿತ ಸಣ್ಣವು, ಲಾರಿಗಳು ಕಡಿಮೆ. ನಿನ್ನ ಅಕ್ಕನ ಮಗಳಿಗೆ, ಮೊದಲ ಸಲ ಊರು ಬಿಟ್ಟು ಸೈಕಲ್ ಹೊಡೆಯುವವರಿಗೆ ಇದೇ ಪಾಠಶಾಲೆ. ಇನ್ನೊಂದು ದಿಕ್ಕಿಗೆ ತಂಬೂರು; ಬಸವಣ್ಣನ ಗುಡಿ, ದೊಡ್ಡ ಕೆರೆ. ಬತ್ತದ ಗದ್ದೆ, ಮಾವಿನ ತೋಟ, ಅದರ ಬೆನ್ನಿಗೆ ಸಾಗವಾನಿಯ ಕಾಡು. ನಿಮ್ಮ ಜೋಳದ ಹೊಲದಿಂದ ಒಂದೇ ದಿನದ ದಾರಿಯಲ್ಲಿ ನೆಲದ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗುವುದನ್ನು ಮಕ್ಕಳು ನೋಡಬೇಕು. ಕಾರಿನ ಗಾಜಿನಿಂದ ಅದು ಕಾಣುವುದಿಲ್ಲ, ಕಂಡರೂ ಮನಸ್ಸಿನಲ್ಲಿ ಕೂರುವುದಿಲ್ಲ. ಸೈಕಲ್ಲಿನವರ ಕಾಲಿಗೂ ಬಟ್ಟೆಗೂ ಆ ಕೆಂಪು ಧೂಳು ಹತ್ತುತ್ತದೆ.

ಎರಡನೆಯ ದಿನ ಯಲ್ಲಾಪುರ. ಕಲಘಟಗಿಯಿಂದ ಸುಮಾರು ನಲವತ್ತು ಕಿಲೋಮೀಟರ್. ದೇವಿಕೊಪ್ಪ, ಕಿರವತ್ತಿ ಹಾದು ಹೋಗಬೇಕು. ಕಾಗದದ ಮೇಲೆ ಎತ್ತರ ಬದಲಾಗುವುದೇ ಇಲ್ಲ, ರಸ್ತೆಯ ಮೇಲೆ ಮಾತ್ರ ಬಿಡುವಿಲ್ಲದೆ ಏಳುಬೀಳು. ಪ್ರತಿ ಹಳ್ಳಕ್ಕೂ ಇಳಿತ, ಪ್ರತಿ ಹಳ್ಳದಾಚೆಗೂ ಏರು. ಇಂಥ ರಸ್ತೆಯಲ್ಲಿ ತಾಸಿಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ಲೆಕ್ಕ ಹಿಡಿಯಬೇಡ, ಚಹಾ ಕುಡಿದು ಕೂತದ್ದೂ ಸೇರಿ. ಇದು ಹುಬ್ಬಳ್ಳಿ-ಅಂಕೋಲೆ ಹೆದ್ದಾರಿ, ಈಗಿನ ಹೆಸರು ರಾಷ್ಟ್ರೀಯ ಹೆದ್ದಾರಿ 52. ಕರಾವಳಿಗೆ ಹೋಗುವ ಲಾರಿಗಳಿಗೆಲ್ಲ ಇದೇ ದಾರಿ. ಬಿಳಿ ಗೆರೆಯ ಎಡಕ್ಕೆ ಒಬ್ಬರ ಹಿಂದೆ ಒಬ್ಬರು, ಮಾತಾಡಬೇಕೆನಿಸಿದರೆ ನಿಂತು ಮಾತಾಡಬೇಕು. ಗೌಳಿಗರ ಎಮ್ಮೆಗಳು ಸಾಲುಗಟ್ಟಿ ರಸ್ತೆ ದಾಟುವಾಗ ಕೆಳಗಿಳಿದು ನಿಲ್ಲಿ, ಗಂಟೆ ಬಾರಿಸಬೇಡಿ.

ಅಕ್ಕನ ಮಗಳಿಗೂ ಮಾವನಿಗೂ ಹೆದ್ದಾರಿ ಬೇಡ ಅನ್ನಿಸಿದರೆ ತಡಸದ ಮೇಲಿಂದ ಮುಂಡಗೋಡಕ್ಕೆ ಹೋಗುವ ದಾರಿಯಿದೆ. ಅತ್ತಿವೇರಿಯ ಪಕ್ಷಿಧಾಮ ಆ ಸೀಮೆಯಲ್ಲೇ. ಮುಂಡಗೋಡದ ಟಿಬೆಟನ್ ನೆಲೆ 1966ರಿಂದ ಇದೆ. ಅವರ ಮಠಗಳ ಸುತ್ತಿನ ರಸ್ತೆಗಳು ಸಪಾಟಾಗಿವೆ, ಉಣ್ಣಲು ಉಳಿಯಲು ತೊಂದರೆಯಿಲ್ಲ. ಗುಂಪು ಒಂದು ದಿನ ಎರಡಾಗಿ ಹೋಗಿ, ಮರುದಿನ ಕೂಡಿದರೆ ಏನೂ ಕಡಿಮೆಯಾಗುವುದಿಲ್ಲ.

ಕಾಡಿನ ರಸ್ತೆಯಲ್ಲಿ ಒಂದು ಕಟ್ಟುನಿಟ್ಟು ಬೇಕು. ಬತ್ತ ಹಣ್ಣಾಗುವ ಕಾಲಕ್ಕೆ ದಾಂಡೇಲಿ, ಹಳಿಯಾಳದ ಕಡೆಯ ಆನೆಗಳು ಕಲಘಟಗಿ, ಮುಂಡಗೋಡದ ಗದ್ದೆಗಳವರೆಗೂ ಬರುತ್ತವೆ. ನೀವು ಹೋಗುವುದೂ ಅದೇ ಕಾಲಕ್ಕೆ. ಬಯಲಿನಲ್ಲಿ ನಸುಕಿನಲ್ಲೇ ಎದ್ದು ತುಳಿಯುವುದು ಜಾಣತನ, ಕಾಡಿನಲ್ಲಿ ಅದು ಜಾಣತನ ಅಲ್ಲ. ಬಿಸಿಲು ರಸ್ತೆಗೆ ಬಿದ್ದ ಮೇಲೆ ಹೊರಡಿ, ಸೂರ್ಯ ಇಳಿಯುವುದಕ್ಕೆ ಒಂದು ತಾಸು ಮುಂಚೆ ಊರು ಸೇರಿ. ರಸ್ತೆಯ ಮೇಲೆ ಹಸಿ ಲದ್ದಿ ಕಂಡರೆ ಮುಂದೆ ಹೋಗದೆ, ಬರುವ ವಾಹನ ನಿಲ್ಲಿಸಿ ವಿಚಾರಿಸಿ.

ಈಗ ಮಂದಿಯ ಮಾತು. ಸೋದರಮಾವನ ಡಬಲ್ ಬಾರಿನ ಹಳೆಯ ಸೈಕಲ್ಲನ್ನು ನೋಡಿ ನಿನ್ನ ಗೆಳೆಯರು ನಕ್ಕರಂತೆ. ನಗುವುದಕ್ಕೆ ಏನೂ ಇಲ್ಲ. ಆ ಸೈಕಲ್ಲಿನಲ್ಲಿ ಏರು ಹತ್ತಲು ಆಗುವುದಿಲ್ಲ ಅನ್ನುವುದಕ್ಕೆ ಕಾರಣ ಅದರ ಹಿಂದಿನ ಗಾಲಿಯಲ್ಲಿದೆ. ಸಾಧಾರಣವಾಗಿ ಅಲ್ಲಿ 18 ಹಲ್ಲಿನ ಫ್ರೀವೀಲ್ ಇರುತ್ತದೆ. 22 ಹಲ್ಲಿನದು ಹಾಕಿಸಿದರೆ ಒಂದೊಂದು ತುಳಿತಕ್ಕೆ ಸೈಕಲ್ಲು ಸ್ವಲ್ಪ ಕಡಿಮೆ ದೂರ ಹೋಗುತ್ತದೆ, ಆದರೆ ಕಾಲಿನ ಭಾರ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಬಯಲಿನಲ್ಲಿ ಕಾಲು ಬೇಗ ಬೇಗ ಆಡಿಸಬೇಕಾಗುತ್ತದೆ, ಅದು ಮೊಣಕಾಲಿಗೆ ಒಳ್ಳೆಯದೇ. ಕೆಲಸ ಸಣ್ಣದು. ಹಿಂದಿನ ಗಾಲಿ ಬಿಚ್ಚಿ, ಹಳೆಯ ಫ್ರೀವೀಲನ್ನು ಅದರ ಚಾವಿ ಹಾಕಿ ತಿರುಗಿಸಿ ತೆಗೆಯಬೇಕು. ವರ್ಷಗಟ್ಟಲೆ ತುಳಿದದ್ದಾದರೆ ಬಿಗಿಯಾಗಿ ಕೂತಿರುತ್ತದೆ, ಎಣ್ಣೆ ಬಿಟ್ಟು ಒಂದು ರಾತ್ರಿ ಇಡಬೇಕು. ಹೊಸದನ್ನು ಗ್ರೀಸ್ ಹಚ್ಚಿ ಕೂರಿಸಬೇಕು. ಹಲ್ಲು ಹೆಚ್ಚಾದ್ದರಿಂದ ಹಳೆಯ ಚೈನು ಗಿಡ್ಡವಾಗುತ್ತದೆ. ಎರಡು ಕೊಂಡಿ ಸೇರಿಸಬೇಕಾಗಬಹುದು, ಅದನ್ನು ಮರೆತರೆ ಗಾಲಿ ಮುಂದಕ್ಕೆ ಬಂದು ಮಡ್‌ಗಾರ್ಡಿಗೆ ತಾಗುತ್ತದೆ. ಅಣ್ಣಿಗೇರಿಯಲ್ಲಾಗಲಿ ಕುಂದಗೋಳದಲ್ಲಾಗಲಿ ಸಂತೆಯ ದಿನ ಬಿಟ್ಟು ಬೇರೆ ದಿನ ಹೋದರೆ ಸೈಕಲ್ ಅಂಗಡಿಯವರು ನಿಂತ ನಿಲುವಿನಲ್ಲಿ ಮಾಡಿಕೊಡುತ್ತಾರೆ.

ಹಗುರ ಗೇರು ಎಂದರೆ ಮುದುಕರಿಗೆ, ಹೆಂಗಸರಿಗೆ ಎಂಬ ಮಾತು ಇವತ್ತಿನದಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಊರಿನಲ್ಲಿ ವೆಲೋಸಿಯೋ ಎಂದು ಹೆಸರಾದ ಪಾಲ್ ದ ವೀವಿ ಇದ್ದ. ಗುಡ್ಡದ ಸೀಮೆಯವನು. ಸಾಧಾರಣ ಜನ ತಮ್ಮ ಕಾಲಿನ ಬಲದಲ್ಲೇ ಬೆಟ್ಟ ದಾಟಬೇಕಾದರೆ ಗೇರು ಬೇಕು ಎಂದು 1930ರಲ್ಲಿ ಸಾಯುವವರೆಗೂ ಬರೆದ, ತಾನೇ ತುಳಿದು ತೋರಿಸಿದ. ರೇಸಿನವರು ಒಪ್ಪಲಿಲ್ಲ, ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಎಲ್ಲರಿಗೂ ಗೇರು ಬದಲಿಸುವ ಸೈಕಲ್ ಒಪ್ಪಿಕೊಂಡದ್ದು 1937ರಲ್ಲಿ. ಇವತ್ತು ನಿನ್ನ ಗೆಳೆಯರ ಸೈಕಲ್ಲಿಗೆ ಹಿಂದೆ ಇರುವ ಆ ಹಲ್ಲುಗಳ ಗೊಂಚಲು, ಅಂಥವರು ಹಟ ಹಿಡಿದದ್ದರ ಫಲ. ಇಷ್ಟನ್ನು ಅವರಿಗೆ ಹೇಳು, ಮಾವನ ಮುಂದೆ ಬೇಡ, ಬೇರೆ ಕರೆದು ಹೇಳು.

ಬ್ಯಾಟರಿ ಸೈಕಲ್ ತರಲೇ ಎಂದು ಮಾವ ಕೇಳಿದರೆ ಧಾರಾಳವಾಗಿ ತರಲಿ. 250 ವ್ಯಾಟಿನೊಳಗಿನ ಮೋಟರು, 25 ಕಿಲೋಮೀಟರಿನೊಳಗಿನ ವೇಗ ಇದ್ದರೆ ನೋಂದಣಿಯೂ ಬೇಕಿಲ್ಲ. ಒಂದೇ ಎಚ್ಚರ: ಅಂಗಡಿಯವರು ಹೇಳುವ ದೂರ ಸಪಾಟು ರಸ್ತೆಯದ್ದು. ಏರಿನಲ್ಲಿ ಬ್ಯಾಟರಿ ಬೇಗ ಕರಗುತ್ತದೆ, ಬ್ಯಾಟರಿ ತೀರಿದ ಮೇಲೆ ಆ ಸೈಕಲ್ಲಿನಷ್ಟು ಭಾರವಾದದ್ದು ಇನ್ನೊಂದಿಲ್ಲ. ಇಳಿತದಲ್ಲೂ ಬಯಲಿನಲ್ಲೂ ಮೋಟರು ಬಂದ್ ಇಟ್ಟು, ಏರಿಗೆ ಮಾತ್ರ ಉಳಿಸಿಕೊಳ್ಳಬೇಕು.

ನಿನ್ನ ಜೊತೆಗಾರನ ಕಾಲಿನ ವಿಷಯದಲ್ಲಿ ಅವನನ್ನೇ ಕೇಳು, ಅವನ ಪರವಾಗಿ ನೀನು ಯೋಚನೆ ಮಾಡಬೇಡ. ಇಷ್ಟು ವರ್ಷ ಒಂದೇ ಕಾಲಿನ ಬಲದಲ್ಲಿ ಸೈಕಲ್ ಹೊಡೆದವನಿಗೆ ತನ್ನ ಮಿತಿ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದು ಉಪಾಯ ಮಾತ್ರ ಅವನ ಕಿವಿಗೆ ಹಾಕು. ಗಟ್ಟಿ ಕಾಲಿನ ಪೆಡಲಿಗೆ ಚರ್ಮದ ಪಟ್ಟಿ ಹಾಕಿಸಿಕೊಂಡರೆ ಕೆಳಗೆ ತುಳಿಯುವಾಗ ಅಲ್ಲದೆ ಮೇಲಕ್ಕೆ ಎಳೆಯುವಾಗಲೂ ಗಾಲಿ ತಿರುಗುತ್ತದೆ. ಪಟ್ಟಿ ಸಡಿಲವಾಗಿರಬೇಕು, ಹಿಮ್ಮಡಿ ಹಿಂದಕ್ಕೆ ಜಗ್ಗಿದರೆ ಕಾಲು ಹೊರಗೆ ಬರಬೇಕು. ನಿಮ್ಮೂರ ಕಾಲುವೆಯ ದಂಡೆಯ ಮೇಲೆ ಚೆನ್ನಾಗಿ ರೂಢಿ ಮಾಡಿಕೊಂಡು ಆಮೇಲೆ ಹೆದ್ದಾರಿಗೆ ಬರಲಿ. ಮೂರು ಗಾಲಿಯ ಕೈ ಸೈಕಲ್ಲಿನವರು ಯಾರಾದರೂ ಸೇರುವುದಾದರೆ ಅವರಿಗೆ ಕಲಘಟಗಿಯ ಏರಿಳಿತ ಬೇಡ. ಆ ಸೈಕಲ್ಲಿನ ಬ್ರೇಕು ಇಳಿತಕ್ಕೆ ಮಾಡಿದ್ದಲ್ಲ. ಅವರಿಗಾಗಿ ಇನ್ನೊಂದು ದಿನ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೋ ಕುಂದಗೋಳದ ಶಂಭುಲಿಂಗನ ಗುಡಿಗೋ ಸಪಾಟು ದಾರಿಯ ಸವಾರಿ ಇಟ್ಟುಕೊಳ್ಳಿ, ಎಲ್ಲರೂ ಹೋಗಿ. ಅದನ್ನು ಚಿಕ್ಕದು ಎಂದು ಯಾರೂ ಅನ್ನಬಾರದು.

ಅಕ್ಕನ ಬಗ್ಗೆ ನನಗೆ ಚಿಂತೆಯಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಲ್ಲಿ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯಿಂದ ಹೈಸ್ಕೂಲಿಗೆ ಎದುರುಗಾಳಿಯಲ್ಲಿ ಹೋಗಿ ಬಂದ ಹುಡುಗಿಯರ ಸಾಲಿನವಳು ಅವಳು. ಆ ಕಾಲು ಮರೆತಿರುವುದಿಲ್ಲ. ಅವಳಿಗೆ ಬೇಕಾದದ್ದು ಎರಡೇ: ತನ್ನ ಎತ್ತರಕ್ಕೆ ಸರಿಯಾದ ಸೀಟು, ನಿಲ್ಲುವ ಊರಿನಲ್ಲಿ ಬಾಗಿಲು ಭದ್ರವಾದ ಶೌಚಾಲಯ. ಸೀಟನ್ನು, ಪೆಡಲು ಪೂರಾ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಚಿರುವ ಹಾಗೆ ಏರಿಸಿ ಕೊಡು. ಎರಡನೆಯದನ್ನು ನೀನೇ ಮುಂಚಿತವಾಗಿ ಹೋಗಿ ನೋಡಿ ಬಾ, ಪೆಟ್ರೋಲ್ ಬಂಕು, ಹೋಟೆಲು, ಗುಡಿಯ ಆವರಣ ಎಲ್ಲೆಲ್ಲಿ ಇದೆ ಎಂದು. ದಾರಿ ನೋಡಿಕೊಂಡು ಬರುವುದು ಎಂದರೆ ಇದೂ ಸೇರಿ. ಗಂಡಸರು ಮಾಡುವ ಪಟ್ಟಿಯಲ್ಲಿ ಇದು ಬರುವುದೇ ಇಲ್ಲ. ನೀರು ಕುಡಿದರೆ ಎಲ್ಲಿ ಇಳಿಯಬೇಕೋ ಎಂದು ನೀರೇ ಕುಡಿಯದೆ ತುಳಿದು ತಲೆ ತಿರುಗಿ ಕೂತ ಹೆಣ್ಣುಮಕ್ಕಳನ್ನು ನೋಡಿದ್ದೇನೆ.

ಗುಂಪು ನಡೆಸುವ ರೀತಿ ಹೇಳುತ್ತೇನೆ. ನಿಧಾನದವರು ಮುಂದೆ, ಅವರಲ್ಲೂ ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ. ಗಟ್ಟಿಗ ಒಬ್ಬ ಕಡೆಯಲ್ಲಿ, ಪಂಪು, ಪಂಕ್ಚರ್ ಸಾಮಾನು, ಔಷಧದ ಚೀಲ ಅವನ ಹತ್ತಿರ. ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಏರಿನಲ್ಲಿ ಯಾರಿಗೆ ಇಳಿದು ನೂಕಬೇಕೆನಿಸುತ್ತದೆಯೋ ಅವರು ನೂಕಲಿ. ಹಾಗೆ ಮೊದಲು ಇಳಿಯುವವನು ನೀನೇ ಆಗಿರು. ನಾಯಕ ಇಳಿದರೆ ಮಾವನಿಗೂ ಇಳಿಯಲು ಸಂಕೋಚವಾಗುವುದಿಲ್ಲ. ಏರಿನ ತಲೆಯ ಮೇಲೆ ನಿಂತು ಕಾದವರು, ಹಿಂದಿನವರು ಬಂದ ಕೂಡಲೇ ಹೊರಡಬಾರದು. ಕಾದವರಿಗೆ ದಣಿವಾರಿರುತ್ತದೆ, ಬಂದವರಿಗೆ ಆಗಷ್ಟೇ ದಣಿವು ಏರಿರುತ್ತದೆ. ಕೊನೆಗೆ ಬಂದವರು ನೀರು ಕುಡಿದು “ನಡೀರಿ” ಅಂದ ಮೇಲೆ ಎಲ್ಲರೂ ಏಳಬೇಕು.

ಇದು ನಿನ್ನ ಇಬ್ಬರು ಗೆಳೆಯರಿಗೆ ಹಿಡಿಸಲಿಕ್ಕಿಲ್ಲ. ಅವರಿಗೆ ಬೇರೆ ದಾರಿಯಿದೆ. ಹುಬ್ಬಳ್ಳಿಯ ಸೈಕಲ್ ಬಳಗದವರು ದೂರದ ಸವಾರಿಗಳನ್ನು ನಡೆಸುತ್ತಾರೆ. 200 ಕಿಲೋಮೀಟರನ್ನು 13 ತಾಸು 30 ನಿಮಿಷದೊಳಗೆ ಮುಗಿಸುವುದು ಅದರ ಮೊದಲ ಮೆಟ್ಟಿಲು, ಆಮೇಲೆ 300, 400, 600. ಅಲ್ಲೂ ಮೊದಲು ಬಂದವನಿಗೆ ಬಹುಮಾನವಿಲ್ಲ, ಹೊತ್ತಿನೊಳಗೆ ಬಂದವರೆಲ್ಲ ಸಮ. ಅವರ ಹುರುಪು ಅಲ್ಲಿ ಖರ್ಚಾಗಲಿ. ನಿಮ್ಮ ಜೊತೆ ಬಂದಾಗ ಅವರು ಮಾವನ ಚೀಲ ಹೊರಲಿ.

ಯಲ್ಲಾಪುರ ಮುಟ್ಟಿದ ಮೇಲೆ ಏನು ಅನ್ನುವುದು ನಿಜವಾದ ಪ್ರಶ್ನೆ. ನಾನಾಗಿದ್ದರೆ ಎಲ್ಲರನ್ನೂ ಕರೆದುಕೊಂಡು ಮಾಗೋಡಿಗೆ ಹೋಗುತ್ತೇನೆ, ಅರಬೈಲಿಗೆ ಅಲ್ಲ. ಯಲ್ಲಾಪುರದಿಂದ ಮಾಗೋಡು ಇಪ್ಪತ್ತು ಕಿಲೋಮೀಟರಿನ ಒಳಗೆ; ಕವಡಿಕೆರೆಯ ಬದಿಯಿಂದ, ಅಡಿಕೆ ತೋಟಗಳ ನಡುವೆ ಹೋಗುವ ದಾರಿ, ಲಾರಿಗಳ ಕಾಟ ಇಲ್ಲ. ಅಲ್ಲಿ ಬೇಡ್ತಿ ಎರಡು ಹೆಜ್ಜೆಯಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳುತ್ತದೆ. ಹತ್ತಿರದ ಜೇನುಕಲ್ಲು ಗುಡ್ಡದಿಂದ ಆ ಕಣಿವೆ ಉದ್ದಕ್ಕೂ ಕಾಣುತ್ತದೆ, ಕೆಳಗೆ ನದಿ ತಿರುಗುತ್ತ ಹೋಗುವುದೂ ಕಾಣುತ್ತದೆ. ಮೊದಲ ದಿನ ನೀರಸಾಗರದಲ್ಲಿ ನೋಡಿದ ನೀರು ಅದೇ. ಘಟ್ಟದ ಅಂಚಿಗೆ ಬಂದು ಘಟ್ಟವನ್ನು ಪೂರ್ತಿ ನೋಡಿ, ಎತ್ತರವನ್ನು ಕಳೆದುಕೊಳ್ಳದೆ ಹಿಂತಿರುಗಬಹುದು. ಎಲ್ಲ ಕಾಲುಗಳಿಗೂ ಒಗ್ಗುವ ಘಟ್ಟದ ಸವಾರಿ ನಮ್ಮ ಕಡೆ ಇದ್ದರೆ ಇದೇ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಅರಬೈಲ್ ಇಳಿಯಲೇಬೇಕು ಅನ್ನುವವರು, ಕಪ್ಪತಗುಡ್ಡದ ಏರಿನಲ್ಲಿ ಗಟ್ಟಿ ಎಂದು ಕಂಡವರು ಮಾತ್ರ, ಮರುದಿನ ಬೆಳಿಗ್ಗೆ ಮಂಜು ಹರಿದ ಮೇಲೆ ಹೊರಡಲಿ. ಇಳಿತ ಕಾಲಿನ ಕೆಲಸವಲ್ಲ, ಕೈಯ ಕೆಲಸ. ಬ್ರೇಕನ್ನು ಹಿಡಿದೇ ಇಟ್ಟರೆ ರಿಮ್ಮು ಕಾಯುತ್ತದೆ, ರಬ್ಬರು ಸವೆಯುತ್ತದೆ, ಬೆರಳು ಮರಗಟ್ಟುತ್ತದೆ. ಬೇಕಾದಾಗ ಹಿಡಿತ ಸಿಗುವುದಿಲ್ಲ. ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿ, ಬಿಡು, ಹಿಡಿ, ಬಿಡು. ತಿರುವಿನ ಒಳಗೆ ಬ್ರೇಕು ಹಾಕಬಾರದು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಬಿಟ್ಟುಕೊಂಡು ತಿರುಗಬೇಕು. ತಿರುವಿನ ಅಂಚಿನಲ್ಲಿ ಲಾರಿಗಳ ಗಾಲಿ ಸರಿಸಿದ ಸಣ್ಣ ಕಡಿ ಇರುತ್ತದೆ, ಅದರ ಮೇಲೆ ಜಾರಿದರೆ ಬೀಳುವುದು ರಸ್ತೆಯ ನಡುವೆಯೇ. ಒಬ್ಬರಿಗೂ ಇನ್ನೊಬ್ಬರಿಗೂ ಮೂವತ್ತು ನಲವತ್ತು ಹೆಜ್ಜೆ ಅಂತರವಿರಲಿ. ಎರಡು ಮೂರು ಕಡೆ ರಸ್ತೆ ಬಿಟ್ಟು ನಿಂತು ಕೈ ಆರಿಸಿಕೊಳ್ಳಿ. ರಿಮ್ಮಿಗೆ ಬೆರಳು ತಾಗಿಸಿ ನೋಡಿ, ಚುರ್ ಎಂದರೆ ಅದು ತಣ್ಣಗಾಗುವವರೆಗೆ ಕೂರಿ. ಹಿಂದಿನ ದಿನ ರಾತ್ರಿ ಬ್ರೇಕಿನ ತಂತಿ, ರಬ್ಬರು ನೋಡಿ, ಸವೆದಿದ್ದರೆ ಯಲ್ಲಾಪುರದಲ್ಲೇ ಬದಲಿಸಿ. ಸಾಮಾನಿನ ಚೀಲ ಬೆನ್ನಿಗೆ ಬೇಡ, ಕ್ಯಾರಿಯರಿನ ಎರಡೂ ಬದಿಗೆ ಸಮ ತೂಕದಲ್ಲಿ, ಕೆಳಗೆ ಬರುವ ಹಾಗೆ ಕಟ್ಟಿ. ಕೆಳಗಿಳಿದ ಮೇಲೆ ರಾಮನಗುಳಿ, ಸುಂಕಸಾಳ ದಾಟಿ ಅಂಕೋಲೆಯವರೆಗೆ ರಸ್ತೆ ಸಲೀಸು, ಸೆಕೆ ಮಾತ್ರ ಜೋರು.

ಅವರು ಬರುವುದು ಟೆಂಪೋದಲ್ಲೋ ಬಸ್ಸಿನಲ್ಲೋ ಯಲ್ಲಾಪುರದವರೆಗೆ. ತುಳಿದುಕೊಂಡೇ ಘಟ್ಟ ಹತ್ತುತ್ತೇನೆ ಅನ್ನುವವನು ಹತ್ತಲಿ, ಕೆಳಗೆ ಒಂದು ರಾತ್ರಿ ಮಲಗಿ ಎದ್ದ ಮೇಲೆ. ಬಸ್ಸಿನಲ್ಲಿ ಸೈಕಲ್ ಹಾಕಿಕೊಳ್ಳುತ್ತಾರೋ ಇಲ್ಲವೋ, ಲಗೇಜಿಗೆ ಎಷ್ಟು ಎಂಬುದನ್ನು ಡಿಪೋದಲ್ಲಿ ಮೊದಲೇ ಕೇಳಿಕೊಂಡಿರು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಬುದ್ಧಿ ಹೇಳಬೇಕಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಪುಠಾಣಿ ಇದ್ದರೆ ನಾಲ್ಕು ದಿನ ಕೆಡುವುದಿಲ್ಲ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಬೇಕು, ಏರಿನ ಬುಡದಲ್ಲಿ ಹೊಟ್ಟೆ ತುಂಬ ಉಣ್ಣಬಾರದು. ಮಿರ್ಚಿ, ಗಿರಮಿಟ್ ಊರು ಮುಟ್ಟಿದ ಮೇಲೆ. ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆಹಣ್ಣು ಹಿಂಡಿ ಬಾಟಲಿಗೆ ತುಂಬಿ. ಮಾವನಿಗೆ ಬಿಪಿ, ಸಕ್ಕರೆಯ ಗುಳಿಗೆ ಇದ್ದರೆ ಹೊರಡುವ ಮೊದಲು ಅವನ ಡಾಕ್ಟರನ್ನು ಕೇಳಿ, ಉಪ್ಪು ಸಕ್ಕರೆಯ ನೀರು ಅವನಿಗೆ ಸರಿಯೇ ಎಂದೂ ಕೇಳಿ.

ಈಗ ಒಂದು ಕೆಲಸ ಮಾಡು. ನಿನ್ನ ಪಟ್ಟಿಯನ್ನು ಮತ್ತೆ ಬರೆ. ಒಂದೊಂದು ಹೆಸರಿನ ಮುಂದೆ ಮೂರು ವಿಷಯ ಬರೆ: ಅವರ ಸೈಕಲ್ ಯಾವುದು, ಅವರು ಎಲ್ಲಿ ತಿರುಗಿಕೊಳ್ಳುತ್ತಾರೆ, ಅಲ್ಲಿಂದ ಹಿಂದಕ್ಕೆ ಯಾವುದರಲ್ಲಿ ಬರುತ್ತಾರೆ. ಎಲ್ಲಿ ತಿರುಗುವುದು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆ. ಟೆಂಪೋದವನಿಗೆ ಮುಂಗಡ ಕೊಟ್ಟು ಅವನ ನಂಬರನ್ನು ಎಲ್ಲರ ಫೋನಿಗೂ ಹಾಕು. ಕಾಡಿನಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಒಂದು ಚೀಟಿಯಲ್ಲಿ ಬರೆದೂ ಕೊಡು. ಕಪ್ಪತಗುಡ್ಡಕ್ಕೆ ಹೋಗುವ ಭಾನುವಾರ ತಿಳಿಸು, ಅಣ್ಣಿಗೇರಿಯಿಂದ ಡಂಬಳದವರೆಗೆ ನಾನೂ ಬರುತ್ತೇನೆ. ಬರುವಾಗ ಮಾವನ ಸೈಕಲ್ಲಿನ ಹಿಂದಿನ ಗಾಲಿಯನ್ನು ಎಣ್ಣೆ ಬಿಟ್ಟು ತಾ.